ಒಂದೇ ತಳಿ, ಬೇರೆ ಬೇರೆ ಬಣ್ಣ: ಕೆರೆಯ ಮೀನಿನಿಂದ ಬ್ಯಾಡಗಿಯ ಮೆಣಸಿನಕಾಯಿಯವರೆಗೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರಿನ ದಿನಗಳು. ಸುಗ್ಗಿಯ ಕಾಲದಲ್ಲಿ ಪ್ರಾಂಗಣದ ತುಂಬ ಚೀಲಗಳ ಸಾಲು. ಅಲ್ಲಿ ಪ್ರತಿ ವಾರವೂ ಕಾಣುವ ಒಂದು ದೃಶ್ಯ ವರ್ತಕರಿಗೆ ಹೊಸದಲ್ಲ. ಒಂದೇ ಊರಿನ ಇಬ್ಬರು ರೈತರು, ಒಂದೇ ಅಂಗಡಿಯಿಂದ ತಂದ ಬೀಜ, ಅಕ್ಕಪಕ್ಕದ ಹೊಲ. ಆದರೆ ಚೀಲದ ಬಾಯಿ ಬಿಚ್ಚಿದಾಗ ಒಬ್ಬರ ಕಾಯಿ ಕಡುಗೆಂಪು, ಇನ್ನೊಬ್ಬರದು ತುಸು ಕಂದು, ನಡುನಡುವೆ ಬಿಳಿಚಿದ ಕಾಯಿ. ಖರೀದಿದಾರನು ಒಂದು ಹಿಡಿ ಎತ್ತಿ ನೋಡಿ ಮುಂದೆ ಸಾಗುತ್ತಾನೆ. ಸಂಜೆ ಟೆಂಡರ್ ತೆರೆದಾಗ ಎರಡು ಲಾಟ್‌ಗಳ ನಡುವೆ ಕ್ವಿಂಟಾಲಿಗೆ ಸಾವಿರಾರು ರೂಪಾಯಿಗಳ ಅಂತರವಿರುತ್ತದೆ. ಕಡಿಮೆ ದರ ಪಡೆದ ರೈತನು ದಲಾಲರನ್ನು ಕೇಳುವ ಪ್ರಶ್ನೆ ಒಂದೇ: "ಬೀಜ ಒಂದ ಐತಿ, ಹೊಲ ಒಂದ ಐತಿ, ರೇಟ್ ಯಾಕ ಬ್ಯಾರೆ ಆತ್ರಿ?"

ಈ ಪ್ರಶ್ನೆಗೆ "ಬಣ್ಣ ಕಡಿಮೆ" ಎಂಬುದು ಸಿದ್ಧ ಉತ್ತರ. ಬಣ್ಣ ಏಕೆ ಕಡಿಮೆಯಾಯಿತು, ಎಲ್ಲಿ ಕಡಿಮೆಯಾಯಿತು, ಎಷ್ಟು ಕಡಿಮೆಯಾಯಿತು ಎಂಬುದನ್ನು ಮಾತ್ರ ಹೇಳುವವರು ವಿರಳ. ಕಣ್ಣಂದಾಜಿನ ಮೇಲೆ ನಡೆಯುವ ವ್ಯವಹಾರದಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಷ್ಟದ ಸಾಧ್ಯತೆ ಇದ್ದೇ ಇರುತ್ತದೆ. ಆದ್ದರಿಂದ ಬಣ್ಣದ ಹಿಂದಿರುವ ಕಾರಣಗಳನ್ನು ಅರಿಯುವುದು ಈ ಭಾಗದ ವರ್ತಕರಿಗೆ ಕೇವಲ ಕುತೂಹಲದ ವಿಷಯವಲ್ಲ, ಲಾಭ-ನಷ್ಟದ ವಿಷಯ.

ಮೀನು ಕಲಿಸುವ ಪಾಠ

ಮೆಣಸಿನಕಾಯಿಗಿಂತ ಮೊದಲು ಮೀನಿನ ಪೇಟೆಯನ್ನು ನೋಡುವುದು ಒಳಿತು. ಏಕೆಂದರೆ ಇದೇ ಪ್ರಶ್ನೆ ಅಲ್ಲಿಯೂ ಇದೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮುಂತಾದ ಮೀನುಗಳ ಮರಿಗಳನ್ನು ಮಳೆಗಾಲದಲ್ಲಿ ಕೆರೆಗಳಿಗೆ ಬಿಡುವುದು ರಾಜ್ಯದೆಲ್ಲೆಡೆ ನಡೆದು ಬಂದಿರುವ ಪದ್ಧತಿ. ಒಂದೇ ಕಡೆಯಿಂದ ತಂದ ಮರಿಗಳು ಎರಡು ಕೆರೆಗಳಲ್ಲಿ ಬೆಳೆದಾಗ ಎರಡು ಬಣ್ಣದಲ್ಲಿ ಮೇಲೆ ಬರುವುದುಂಟು. ಕೆಂಪು ಮಣ್ಣಿನ, ಸದಾ ಕದಡಿದ ನೀರಿನ ಕೆರೆಯ ಮೀನು ಪೇಲವವಾಗಿರುತ್ತದೆ. ನೀರು ತಿಳಿಯಾಗಿದ್ದು ತಳ ಕಪ್ಪಾಗಿರುವ, ಜಲಸಸ್ಯ ತುಂಬಿದ ಕೆರೆಯ ಮೀನಿನ ಬೆನ್ನು ಕಪ್ಪಾಗಿರುತ್ತದೆ. ಗಿರಾಕಿಯು ಇವು ಬೇರೆ ಜಾತಿಯ ಮೀನುಗಳೆಂದೋ, ಒಂದು ಹಳೆಯದೆಂದೋ ಅನುಮಾನಿಸುವುದು ಸಹಜ. ಜಾತಿ ಮಾತ್ರ ಒಂದೇ.

ಜೀವಶಾಸ್ತ್ರಜ್ಞರು ಇದಕ್ಕೆ ನಾಲ್ಕು ಕಾರಣಗಳನ್ನು ಹೇಳುತ್ತಾರೆ.

ಮೊದಲನೆಯದು ವಂಶ. ಮೀನಿನ ಚರ್ಮದಲ್ಲಿ ಕಪ್ಪು, ಹಳದಿ, ಕೆಂಪು ಬಣ್ಣಗಳನ್ನು ತುಂಬಿಕೊಂಡ ವರ್ಣಕೋಶಗಳಿವೆ. ಬೆಳಕನ್ನು ಕನ್ನಡಿಯಂತೆ ಪ್ರತಿಫಲಿಸಿ ಬೆಳ್ಳಿಯ ಹೊಳಪು ಕೊಡುವ ಕೋಶಗಳೂ ಇವೆ. ಯಾವ ಕೋಶ ಎಲ್ಲಿ, ಎಷ್ಟು ಎಂಬುದನ್ನು ನಿರ್ಧರಿಸುವುದು ತಂದೆತಾಯಿಗಳಿಂದ ಬಂದ ಗುಣ. ಜಪಾನಿನ ನೀಗಾಟ ಪ್ರಾಂತ್ಯದ ರೈತರು ಊಟಕ್ಕೆಂದು ಸಾಕಿದ್ದ ಗೆಂಡೆ ಮೀನುಗಳಲ್ಲಿ ಅಪರೂಪಕ್ಕೆ ಕಾಣಿಸಿಕೊಂಡ ಕೆಂಪು, ಬಿಳಿ ಮೀನುಗಳನ್ನು 19ನೆಯ ಶತಮಾನದಲ್ಲಿ ಆರಿಸಿ ಆರಿಸಿ ತಳಿ ಮಾಡಿದರು. ಇಂದು ಜಗತ್ತಿನ ಶ್ರೀಮಂತರ ಕೊಳಗಳಲ್ಲಿ ಈಜುವ ಕೋಯಿ ಮೀನುಗಳು ಅವೇ. ನಮ್ಮ ಕೆರೆಯ ಗೆಂಡೆಯೂ ಅದೇ ಬಳಗದ್ದು.

ಎರಡನೆಯದು ಪರಿಸರ. ಮೀನು ತನ್ನ ಕಣ್ಣಿನಿಂದ ತಳದ ಬಣ್ಣವನ್ನು ಗ್ರಹಿಸುತ್ತದೆ. ನರ ಮತ್ತು ಹಾರ್ಮೋನುಗಳ ಸೂಚನೆಯಂತೆ ವರ್ಣಕೋಶದೊಳಗಿನ ಕಪ್ಪು ಕಣಗಳು ಹರಡಿದರೆ ಮೈ ಕಪ್ಪಾಗುತ್ತದೆ, ಒಂದೆಡೆ ಕೂಡಿಕೊಂಡರೆ ಪೇಲವವಾಗುತ್ತದೆ. ಇದು ನಿಮಿಷಗಳಲ್ಲಿಯೂ ಆಗಬಹುದು. ವಾರಗಟ್ಟಲೆ ಅದೇ ಪರಿಸರದಲ್ಲಿದ್ದರೆ ಕೋಶಗಳ ಸಂಖ್ಯೆಯೇ ಬದಲಾಗುತ್ತದೆ.

ಮೂರನೆಯದು ಆಹಾರ. ಕಪ್ಪು ಬಣ್ಣವನ್ನು ಮೀನು ತಾನೇ ತಯಾರಿಸಿಕೊಳ್ಳಬಲ್ಲದು. ಕೆಂಪು ಮತ್ತು ಹಳದಿಗೆ ಕಾರಣವಾದ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳನ್ನು ಮೂಲದಿಂದ ತಯಾರಿಸುವ ಶಕ್ತಿ ಅದಕ್ಕಿಲ್ಲ. ಪಾಚಿಯಿಂದ, ಪಾಚಿ ತಿಂದ ಸಿಗಡಿಯಂತಹ ಸಣ್ಣ ಜೀವಿಗಳಿಂದ ಅದು ದೊರೆಯಬೇಕು. ಸಾಲ್ಮನ್ ಮೀನಿನ ಮಾಂಸ ಗುಲಾಬಿ ಬಣ್ಣಕ್ಕಿರುವುದು ಹೀಗೆಯೇ. ಸಾಕಣೆ ಕೇಂದ್ರಗಳಲ್ಲಿ ಬೆಳೆದ ಸಾಲ್ಮನ್‌ಗೆ ಆಹಾರದಲ್ಲಿ ಅಸ್ಟಾಜಾಂಥಿನ್ ಎಂಬ ವರ್ಣದ್ರವ್ಯವನ್ನು ಬೆರೆಸದಿದ್ದರೆ ಮಾಂಸ ಬಿಳಿಚಿಕೊಂಡು ಗಿರಾಕಿ ಮುಟ್ಟುವುದಿಲ್ಲ.

ನಾಲ್ಕನೆಯದು ವಯಸ್ಸು ಮತ್ತು ಸ್ಥಿತಿ. ಸಂತಾನೋತ್ಪತ್ತಿಯ ಕಾಲದಲ್ಲಿ ಅನೇಕ ಮೀನುಗಳ ಗಂಡುಗಳು ಬಣ್ಣ ತಾಳುತ್ತವೆ. ರೋಗ, ಇಕ್ಕಟ್ಟು, ಹೆದರಿಕೆಗಳಿಂದ ಬಣ್ಣ ಬದಲಾಗುತ್ತದೆ. ಸತ್ತ ಮೇಲೆ ಮಂಜುಗಡ್ಡೆಯಿಲ್ಲದೆ ಇಟ್ಟರೆ ಕೆಂಪಾಗಿದ್ದ ಕಿವಿರು ಕಂದಾಗುತ್ತದೆ. ಅನುಭವಿ ಗಿರಾಕಿಯು ಮೈಬಣ್ಣ ನೋಡದೆ ಕಿವಿರನ್ನು ಎತ್ತಿ ನೋಡುವುದು ಇದೇ ಕಾರಣಕ್ಕೆ. ಮೈಬಣ್ಣ ಕೆರೆಯನ್ನು ಹೇಳುತ್ತದೆ, ಕಿವಿರಿನ ಬಣ್ಣ ತಾಜಾತನವನ್ನು ಹೇಳುತ್ತದೆ.

ವಂಶ, ಪರಿಸರ, ಪೋಷಣೆ, ಸ್ಥಿತಿ: ಈ ನಾಲ್ಕು ಬಾಗಿಲುಗಳಿಂದಲೇ ಮೆಣಸಿನಕಾಯಿಯ ಬಣ್ಣವನ್ನೂ ಪ್ರವೇಶಿಸಬಹುದು. ಎರಡರ ಕೆಂಪಿಗೂ ಕಾರಣವಾದದ್ದು ಒಂದೇ ಕುಟುಂಬದ ವರ್ಣದ್ರವ್ಯ. ವ್ಯತ್ಯಾಸವಿಷ್ಟೇ: ಮೀನು ಅದನ್ನು ತಿಂದು ಪಡೆಯುತ್ತದೆ, ಮೆಣಸಿನ ಗಿಡ ಅದನ್ನು ತಾನೇ ತಯಾರಿಸುತ್ತದೆ.

ಬ್ಯಾಡಗಿಯ ಕೆಂಪಿನ ಮೂಲ

ಹಸಿರು ಕಾಯಿ ಹಣ್ಣಾಗುವಾಗ ಪತ್ರಹರಿತ್ತು ಕರಗಿ, ಕ್ಯಾಪ್ಸಾಂಥಿನ್ ಮತ್ತು ಕ್ಯಾಪ್ಸೊರೂಬಿನ್ ಎಂಬ ಕೆಂಪು ಕೆರೋಟಿನಾಯ್ಡ್‌ಗಳು ಸಿಪ್ಪೆಯಲ್ಲಿ ತುಂಬಿಕೊಳ್ಳುತ್ತವೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಬೇರೆಯೇ ವಸ್ತು, ಅದಕ್ಕೆ ಬಣ್ಣವೇ ಇಲ್ಲ. ಆದ್ದರಿಂದ ಕೆಂಪು ಹೆಚ್ಚಿದ್ದರೆ ಖಾರವೂ ಹೆಚ್ಚು ಎಂಬುದು ತಪ್ಪು ಗ್ರಹಿಕೆ. ಗುಂಟೂರಿನ ಸಣ್ಣಂ ಖಾರದಲ್ಲಿ ಮುಂದು, ಬಣ್ಣದಲ್ಲಿ ಹಿಂದು. ಬ್ಯಾಡಗಿಯದು ಖಾರ ಕಡಿಮೆ, ಬಣ್ಣ ಹೆಚ್ಚು. ಈ ಅಪರೂಪದ ಜೋಡಿಯೇ ಈ ಪಟ್ಟಣದ ಹೆಸರನ್ನು ದೇಶವಿದೇಶಗಳಿಗೆ ಒಯ್ದಿತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ಬ್ಯಾಡಗಿಯಲ್ಲಿಯೇ ಎರಡು ಬಗೆ. ಕಡ್ಡಿ ಎಂಬುದು ಉದ್ದ, ತೆಳು, ಸುಕ್ಕುಗಟ್ಟಿದ್ದು, ಬೀಜ ಕಡಿಮೆ. ಡಬ್ಬಿ ಎಂಬುದು ಗಿಡ್ಡ, ದಪ್ಪ, ಬೀಜ ಹೆಚ್ಚು. ಕೆಂಪು ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಿ ಅಲ್ಲ. ಹೀಗಾಗಿ ಬೀಜಸಹಿತ ಪುಡಿ ಮಾಡಿದಾಗ ಬೀಜದ ಪ್ರಮಾಣ ಹೆಚ್ಚಿದಷ್ಟೂ ಪುಡಿಯ ಬಣ್ಣ ತಿಳಿಯಾಗುತ್ತದೆ. ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಕಡ್ಡಿಯನ್ನೂ, ಮಸಾಲೆ ತಯಾರಕರು ಡಬ್ಬಿಯನ್ನೂ ಹುಡುಕಿಕೊಂಡು ಬರುವುದು ಈ ಗುಣಭೇದದಿಂದಲೇ.

ಹಾಗಾದರೆ ಒಂದೇ ಕಡ್ಡಿ ತಳಿಯಲ್ಲಿ ಬಣ್ಣ ಏಕೆ ಬೇರೆ? ಇಲ್ಲಿ ವಂಶದ ಪಾತ್ರ ಮೊದಲನೆಯದು. ಮೆಣಸಿನ ಗಿಡದಲ್ಲಿ ದುಂಬಿ, ಜೇನುಗಳಿಂದ ಪರಕೀಯ ಪರಾಗಸ್ಪರ್ಶ ಸಾಕಷ್ಟು ಆಗುತ್ತದೆ. ಪಕ್ಕದ ಹೊಲದಲ್ಲಿ ಹೈಬ್ರಿಡ್ ಇದ್ದರೆ ಈ ವರ್ಷದ ಕಾಯಿ ಮೇಲ್ನೋಟಕ್ಕೆ ಸರಿಯಾಗಿಯೇ ಕಂಡರೂ, ಅದರಿಂದ ತೆಗೆದಿಟ್ಟ ಬೀಜದಲ್ಲಿ ಬೆರಕೆ ಸೇರಿರುತ್ತದೆ. ಮನೆಯ ಬೀಜವನ್ನೇ ವರ್ಷವರ್ಷವೂ ಬಿತ್ತುವ ಹೊಲದಲ್ಲಿ ಗಿಡದಿಂದ ಗಿಡಕ್ಕೆ ಬಣ್ಣ ಬದಲಾಗುವುದು ಹೀಗೆ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ವರ್ತಕರಿಗೆ ಹೊಲಗಳ ನಡುವೆ ಅಂತರ ಕಾಯುವುದರ ಬೆಲೆ ಚೆನ್ನಾಗಿ ಗೊತ್ತು. ತಿನ್ನುವ ಬೆಳೆಯ ರೈತನಿಗೆ ಆ ಎಚ್ಚರವನ್ನು ಹೇಳುವವರು ಕಡಿಮೆ.

ಎರಡನೆಯದಾಗಿ ಮಣ್ಣು ಮತ್ತು ಹವೆ. ಸಾಂಪ್ರದಾಯಿಕ ಬ್ಯಾಡಗಿ ಕಾಯಿ ಎರೆಮಣ್ಣಿನಲ್ಲಿ, ಮಳೆಯಾಶ್ರಯದಲ್ಲಿ, ಅನೇಕ ಕಡೆ ಹತ್ತಿ ಮತ್ತು ಉಳ್ಳಾಗಡ್ಡಿಯ ಜೊತೆಗೆ ಬೆಳೆದದ್ದು. ಕಾಯಿ ಹಣ್ಣಾಗುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಶಿಲೀಂಧ್ರ ತಗುಲಿ ಕಾಯಿಯ ಮೇಲೆ ಬಿಳಿ ಮಚ್ಚೆ ಮೂಡುತ್ತದೆ. ಎಲೆ ಉದುರಿ ಕಾಯಿಯು ನೇರ ಬಿಸಿಲಿಗೆ ಸಿಕ್ಕರೆ ಸುಟ್ಟಂತೆ ಬಿಳಿಚುತ್ತದೆ. ಮುಟುರು ರೋಗ, 2021ರಿಂದ ದಕ್ಷಿಣ ಭಾರತದ ಮೆಣಸಿನ ಹೊಲಗಳನ್ನು ಕಾಡಿದ ಕಪ್ಪು ಥ್ರಿಪ್ಸ್ ನುಸಿ ಮುಂತಾದವು ಗಿಡದ ಶಕ್ತಿಯನ್ನೇ ಹೀರುವುದರಿಂದ ಕಾಯಿಯಲ್ಲಿ ಬಣ್ಣ ತುಂಬುವುದು ಕುಂಠಿತವಾಗುತ್ತದೆ.

ಮೂರನೆಯದು ಕೊಯ್ಲಿನ ಹದ. ಪೂರ್ತಿ ಹಣ್ಣಾಗಿ ಗಿಡದಲ್ಲಿಯೇ ತುಸು ಬಾಡಿದ ಕಾಯಿಯಲ್ಲಿ ಬಣ್ಣ ಹೆಚ್ಚು. ಕೂಲಿಯ ಅಭಾವದಿಂದ ಅರೆಹಣ್ಣು, ಪೂರ್ಣ ಹಣ್ಣು ಎಲ್ಲವನ್ನೂ ಒಂದೇ ಸಲ ಬಿಡಿಸಿದರೆ ಅದೇ ಹೊಲದ ಒಂದೇ ಚೀಲದಲ್ಲಿ ಮೂರು ಬಣ್ಣ ಕಾಣುತ್ತದೆ.

ಕೊಯ್ಲಿನ ನಂತರದ ಸೋರಿಕೆ

ಕಾಯಿ ಪೂರ್ತಿ ಹಣ್ಣಾಗಿ ಒಣಗಿದ ಮೇಲೆ ಬಣ್ಣವನ್ನು ಹೆಚ್ಚಿಸುವ ನ್ಯಾಯಯುತ ಮಾರ್ಗ ಯಾವುದೂ ಇಲ್ಲ. ಇರುವುದನ್ನು ಉಳಿಸಿಕೊಳ್ಳುವುದಷ್ಟೇ ಸಾಧ್ಯ. ಕೆರೋಟಿನಾಯ್ಡ್‌ಗಳಿಗೆ ಶತ್ರುಗಳು ನಾಲ್ಕು: ಬೆಳಕು, ಗಾಳಿಯ ಆಮ್ಲಜನಕ, ಉಷ್ಣ ಮತ್ತು ತೇವ. ನೆಲದ ಮೇಲೆ ಹರಡಿ ಹಲವು ದಿನ ಬಿಸಿಲಿಗೆ ಒಣಗಿಸುವಾಗ, ರಾತ್ರಿಯ ಇಬ್ಬನಿಗೆ ಮತ್ತೆ ನೆನೆದಾಗ, ಚೀಲವನ್ನು ಬಯಲಿನಲ್ಲಿ ಒಟ್ಟಿದಾಗ ಬಣ್ಣ ದಿನದಿನಕ್ಕೆ ಸೋರುತ್ತಲೇ ಇರುತ್ತದೆ. ಇಡಿಯ ಕಾಯಿಗಿಂತ ಪುಡಿಯಲ್ಲಿ ಈ ಸೋರಿಕೆ ವೇಗವಾಗಿರುತ್ತದೆ. ಗಾಳಿ ತಾಗುವ ಮೈ ಹೆಚ್ಚುವುದೇ ಅದಕ್ಕೆ ಕಾರಣ.

ಒಣಗಿದ ಕಾಯಿ ಸಾಗಾಟದಲ್ಲಿ ಮುರಿಯಬಾರದೆಂದು, ಕೆಲವೊಮ್ಮೆ ತೂಕ ಹೆಚ್ಚಲೆಂದೂ, ನೀರು ಚಿಮುಕಿಸುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ತೇವಾಂಶವು ಶೇ. 10-11ರ ಮಿತಿಯನ್ನು ದಾಟಿದ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಒಂದು ಚೀಲದ ನೀರು ಇಡೀ ರಫ್ತು ಸರಕನ್ನು ಬಂದರಿನಿಂದ ಹಿಂದಕ್ಕೆ ಕಳುಹಿಸಬಲ್ಲದು.

ಬ್ಯಾಡಗಿಯ ಸುತ್ತ ಸಾಲುಗಟ್ಟಿರುವ ಶೀತಲಗೃಹಗಳು ಈ ಸೋರಿಕೆಯನ್ನು ತಡೆಯಲೆಂದೇ ಹುಟ್ಟಿಕೊಂಡವು. ಕತ್ತಲೆ ಮತ್ತು ತಂಪು ಎರಡೂ ಅಲ್ಲಿ ದೊರೆಯುತ್ತವೆ. ಆದರೆ ಶೀತಲಗೃಹವು ಬಣ್ಣದ ಇಳಿತವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಈ ಸತ್ಯವನ್ನು ಲೆಕ್ಕಪುಸ್ತಕದಲ್ಲಿ ಕಾಣಿಸದಿರುವುದರಿಂದ ಅನೇಕ ವ್ಯವಹಾರಗಳು ಕಾಗದದ ಮೇಲೆ ಲಾಭ, ಕೈಯಲ್ಲಿ ನಷ್ಟ ಎಂಬಂತಾಗುತ್ತವೆ.

ಅಳತೆ ಮತ್ತು ಲೆಕ್ಕ

ಬಣ್ಣಕ್ಕೆ ಜಾಗತಿಕ ಅಳತೆಗೋಲು ಇದೆ. ಅಮೆರಿಕದ ಸಾಂಬಾರ ಪದಾರ್ಥ ವ್ಯಾಪಾರಿಗಳ ಸಂಘದ ಹೆಸರಿನ ಮೊದಲಕ್ಷರಗಳಿಂದ ಅದನ್ನು 'ಆಸ್ಟಾ' ಎನ್ನುತ್ತಾರೆ. ಪುಡಿಯ ಸಣ್ಣ ಮಾದರಿಯನ್ನು ತೂಗಿ, ಅಸಿಟೋನಿನಲ್ಲಿ 16 ಗಂಟೆ ಕತ್ತಲೆಯಲ್ಲಿ ನೆನೆಸಿ, ಆ ದ್ರಾವಣವು 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರಿತೆಂದು ಯಂತ್ರದಿಂದ ಅಳೆಯುತ್ತಾರೆ. ಉತ್ತಮ ಬ್ಯಾಡಗಿ ಕಾಯಿ 150ರ ಆಚೀಚೆ, ಕೆಲವು ಸಲ ಅದಕ್ಕೂ ಮೇಲೆ ನಿಲ್ಲುತ್ತದೆ. ಓಲಿಯೋರೆಸಿನ್ ಕೊಳ್ಳುವ ವಿದೇಶಿ ಗಿರಾಕಿಯು ತೂಕದ ಜೊತೆಗೆ ವರ್ಣಮಾನಕ್ಕೂ ಹಣ ಕೊಡುತ್ತಾನೆ. 40,000 ವರ್ಣಮಾನ, 1,00,000 ವರ್ಣಮಾನ ಎಂಬಂತೆ ಆ ಸರಕು ಮಾರಾಟವಾಗುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ವರ್ತಕನೊಬ್ಬನು ಆಸ್ಟಾ 150 ಇದ್ದ 100 ಕ್ವಿಂಟಾಲ್ ಕಾಯಿಯನ್ನು ಕ್ವಿಂಟಾಲಿಗೆ ರೂ. 20,000ದಂತೆ ಕೊಂಡು ಶೀತಲಗೃಹದಲ್ಲಿ ಇಟ್ಟನೆನ್ನಿ. ಹೂಡಿಕೆ ರೂ. 20 ಲಕ್ಷ. ಕೆಲವು ತಿಂಗಳ ನಂತರ ಆಸ್ಟಾ 150ರ ಮಾಲಿಗೆ ಪೇಟೆಯಲ್ಲಿ ರೂ. 24,000 ದರ. ವರ್ತಕನು ರೂ. 4 ಲಕ್ಷ ಲಾಭ ಎಣಿಸುತ್ತಾನೆ. ಹೊರತೆಗೆದಾಗ ಮಾಲಿನ ಬಣ್ಣ 120ಕ್ಕೆ ಇಳಿದಿದ್ದು, ಖರೀದಿದಾರ ಕಾರ್ಖಾನೆಯು ಬಣ್ಣದ ಅನುಪಾತದಲ್ಲಿ ದರ ಕೊಟ್ಟರೆ ಕ್ವಿಂಟಾಲಿಗೆ ಸಿಗುವುದು ರೂ. 19,200. ತೇವಾಂಶವು ಶೇ. 11ರಿಂದ 10ಕ್ಕೆ ಇಳಿದಿದ್ದರೆ 100 ಕ್ವಿಂಟಾಲ್ ಎಂಬುದು ಸುಮಾರು 98.9 ಕ್ವಿಂಟಾಲ್ ಆಗಿರುತ್ತದೆ. ಕೈಗೆ ಬರುವುದು ಸುಮಾರು ರೂ. 18.99 ಲಕ್ಷ. ಬಾಡಿಗೆ, ಬಡ್ಡಿ, ವಿಮೆ, ಹಮಾಲಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ದರ ಏರಿದ ಪೇಟೆಯಲ್ಲಿಯೇ ಒಂದು ಲಕ್ಷ ರೂಪಾಯಿಗೂ ಹೆಚ್ಚು ನಷ್ಟ.

ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅದರ ವೆಚ್ಚ ಅಥವಾ ಮಾರಿದರೆ ಕೈಗೆ ಬರಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಬರೆಯಬೇಕು. ಮಾರ್ಚ್ 31ರಂದು ಉಳಿದ ಹಿಂದಿನ ಹಂಗಾಮಿನ ಮಾಲನ್ನು ಹೊಸ ಮಾಲಿನ ದರದಲ್ಲಿ ಎಣಿಸಿದರೆ ಬಾರದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ. ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯೂ ದಾರಿ ತಪ್ಪುತ್ತದೆ. ಲಾಟ್‌ವಾರು ಖರೀದಿ ದಿನಾಂಕ, ತೇವಾಂಶ ಮತ್ತು ಬಣ್ಣದ ಪರೀಕ್ಷಾ ವರದಿಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಿದ್ದರೆ ಮೌಲ್ಯ ಇಳಿಸಿದ್ದಕ್ಕೆ ಆಧಾರ ಸಿಗುತ್ತದೆ. ದಲಾಲನ ಮೂಲಕ ಇಟ್ಟ ರೈತನ ಮಾಲು ದಲಾಲನ ದಾಸ್ತಾನಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಮಿಶ್ರಣದ ಲೆಕ್ಕವೂ ಸರಳ. ಆಸ್ಟಾ 180ರ 60 ಕ್ವಿಂಟಾಲಿಗೆ ಆಸ್ಟಾ 100ರ 40 ಕ್ವಿಂಟಾಲ್ ಸೇರಿಸಿದರೆ ಸರಾಸರಿ 148. ಅಳತೆ ತಿಳಿದು, ಗಿರಾಕಿಗೆ ಹೇಳಿ ಮಾಡಿದ ಮಿಶ್ರಣ ಉದ್ಯಮದ ಜಾಣ್ಮೆ. ಹೇಳದೆ ಮಾಡಿದ್ದು ಮೋಸ.

ನಂಬಿಕೆಯ ಬೆಲೆ

ಬಣ್ಣದ ಆಸೆ ಮಿತಿಮೀರಿದಾಗ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರದ್ದಲ್ಲ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್-1 ಎಂಬ ಕೈಗಾರಿಕಾ ಬಣ್ಣ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಐರೋಪ್ಯ ಒಕ್ಕೂಟವು ಆ ಬಣ್ಣವಿಲ್ಲವೆಂಬ ಪ್ರಮಾಣಪತ್ರವಿಲ್ಲದೆ ಮೆಣಸಿನ ಸರಕನ್ನು ಒಳಬಿಡುವುದಿಲ್ಲವೆಂದಿತು. 2005ರಲ್ಲಿ ಬ್ರಿಟನ್ನಿನಲ್ಲಿ ಅದೇ ಬಣ್ಣ ಸೇರಿದ್ದ ಪುಡಿಯಿಂದಾಗಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂಪಡೆಯಬೇಕಾಯಿತು. ಕೆಲವರ ಕಲಬೆರಕೆಗೆ ಪ್ರಾಮಾಣಿಕ ರಫ್ತುದಾರರೆಲ್ಲರೂ ಪರೀಕ್ಷೆಯ ವೆಚ್ಚ ತೆತ್ತರು.

ಇನ್ನೊಂದು ಘಟನೆ ಬ್ಯಾಡಗಿಯ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ. 2024ರ ಮಾರ್ಚ್ 11ರಂದು, ದರ ಕುಸಿತದಿಂದ ಕೆರಳಿದ ರೈತರ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿತು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ಸಿಟ್ಟಿಗೆ ಬಣ್ಣವೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ತನ್ನ ಮಾಲಿಗೆ ಇಷ್ಟೇ ದರ ಏಕೆ ಎಂಬುದಕ್ಕೆ ರೈತನ ಕೈಯಲ್ಲಿ ಒಂದು ಅಂಕಿಯೂ ಇಲ್ಲದಿದ್ದಾಗ ಅನುಮಾನ ಬೆಳೆಯಲು ಹೆಚ್ಚು ಹೊತ್ತು ಬೇಕಿಲ್ಲ. ತೂಕಕ್ಕೆ ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ತೂಕದ ಜಗಳ ಕಡಿಮೆಯಾಯಿತು. ದರಕ್ಕೆ ಇ-ಟೆಂಡರ್ ಬಂದ ಮೇಲೆ ಕೈಸನ್ನೆಯ ಅನುಮಾನ ಕಡಿಮೆಯಾಯಿತು. ಬಣ್ಣ ಮಾತ್ರ ಇಂದಿಗೂ ಬಹುಪಾಲು ಕಣ್ಣಿನ ತೀರ್ಪಿನಲ್ಲಿಯೇ ಉಳಿದಿದೆ. ಮೋಡದ ದಿನದ ಕಣ್ಣು ಬೇರೆ, ಬಿಸಿಲಿನ ದಿನದ ಕಣ್ಣು ಬೇರೆ.

ಮಾಡಬಹುದಾದದ್ದು

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಖರೀದಿಸುವಾಗ ತೇವಾಂಶ ಮಾಪಕ ಬಳಸುವುದು; ದೊಡ್ಡ ಲಾಟ್‌ಗಳ ಮಾದರಿಯನ್ನು ಶೀತಲಗೃಹಕ್ಕೆ ಇಡುವ ಮುನ್ನ ಒಮ್ಮೆ, ತೆಗೆಯುವ ಮುನ್ನ ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು; ಮೊದಲು ಬಂದ ಮಾಲನ್ನು ಮೊದಲು ಮಾರುವುದು; ಪುಡಿಯನ್ನು ಬೇಡಿಕೆ ಬಂದಾಗಲೇ ಮಾಡಿ ಬೆಳಕು, ಗಾಳಿ ತಾಗದ ಪೊಟ್ಟಣದಲ್ಲಿ ತುಂಬುವುದು; ರೈತರಿಗೆ ಹದವರಿತ ಕೊಯ್ಲು, ಟಾರ್ಪಾಲಿನ ಮೇಲೆ ಒಣಗಿಸುವಿಕೆ, ಬಿಳಿಚಿದ ಕಾಯಿಯನ್ನು ಹೊಲದಲ್ಲಿಯೇ ಬೇರ್ಪಡಿಸುವಿಕೆಯ ಬಗ್ಗೆ ತಿಳಿಸುವುದು: ಇಷ್ಟರಿಂದಲೇ ಸೋರಿಕೆಯ ದೊಡ್ಡ ಪಾಲನ್ನು ತಡೆಯಬಹುದು. ತೊಟ್ಟು ತೆಗೆದು ಕಾಯಿ ವಿಂಗಡಿಸುವ ಸಾವಿರಾರು ಮಹಿಳೆಯರ ಕಣ್ಣು ಮತ್ತು ಕೈಯ ಪರಿಣತಿಯೂ ಈ ಉದ್ಯಮದ ಆಸ್ತಿ. ಆ ಕೆಲಸಕ್ಕೆ ನೆರಳು, ಬೆಳಕು, ನ್ಯಾಯವಾದ ಕೂಲಿ ಒದಗಿಸುವುದು ಖರ್ಚಲ್ಲ, ಹೂಡಿಕೆ.

ಬ್ಯಾಡಗಿಯ ಬಣ್ಣಕ್ಕೆ ಹೊಸ ಗಿರಾಕಿಗಳೂ ಇದ್ದಾರೆ. ಕೋಳಿಮೊಟ್ಟೆಯ ಹಳದಿಗೆ ಗಾಢ ಬಣ್ಣ ಬರಲು ಕೆಂಪು ಮೆಣಸಿನ ಸಾರವನ್ನು ಕೋಳಿ ಆಹಾರದಲ್ಲಿ ಬೆರೆಸುವುದು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಅಲಂಕಾರಿಕ ಮೀನುಗಳ ಆಹಾರದಲ್ಲಿಯೂ ಅದರ ಬಳಕೆಯಿದೆ. ಗಾಜಿನ ತೊಟ್ಟಿಯಲ್ಲಿ ಈಜುವ ಕೆಂಪು ಮೀನಿನ ಮೈಯಲ್ಲಿ ಎರೆಹೊಲದ ಕಾಯಿಯ ಬಣ್ಣ ಸೇರಿರಬಹುದೆಂಬುದು ಕಲ್ಪನೆಯ ಮಾತಲ್ಲ.

ಮೀನಾಗಲಿ ಕಾಯಾಗಲಿ, ತಳಿಯ ಹೆಸರು ಬಣ್ಣದ ಭರವಸೆ ಕೊಡುವುದಿಲ್ಲ. ವಂಶದಿಂದ ಬಂದದ್ದನ್ನು ಪೋಷಣೆ ತುಂಬಬೇಕು, ಪರಿಸರ ಕಾಯಬೇಕು, ಜೋಪಾನ ಉಳಿಸಬೇಕು. ಈ ನಾಲ್ಕರಲ್ಲಿ ಕೊನೆಯದು ಸಂಪೂರ್ಣವಾಗಿ ವರ್ತಕನ ಕೈಯಲ್ಲಿದೆ. ಮುಂದಿನ ಹಂಗಾಮಿನಲ್ಲಿ ರೈತನು "ರೇಟ್ ಯಾಕ ಬ್ಯಾರೆ ಆತ್ರಿ?" ಎಂದು ಕೇಳಿದಾಗ, ದಲಾಲರು ಒಂದು ಅಂಕಿಯಿರುವ ಚೀಟಿಯನ್ನು ಅವನ ಕೈಗಿಡುವಂತಾದರೆ ಬ್ಯಾಡಗಿಯ ಹೆಸರಿಗೆ ಅದಕ್ಕಿಂತ ಗಟ್ಟಿಯಾದ ಮುದ್ರೆ ಬೇರೊಂದಿಲ್ಲ.